ತುರುವಂ ಮಗುೞ್ಚಿ: ಕಳ್ಳರ ಬೆನ್ನು ಹತ್ತಿದವರ ಕಲ್ಲುಗಳು

ಎರಡು ವರ್ಷದ ಹಿಂದಿನ ಮಾತು. ಅಡಿಕೆ ಕೊಯ್ಲಿನ ಸಮಯ. ಸೊರಬ ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗಿ, ಅರ್ಧಕ್ಕರ್ಧ ಮೂಟೆ ಕಟ್ಟಿ ಪಕ್ಕದ ಮಾಡಿನಲ್ಲಿ ಪೇರಿಸಿಟ್ಟಿದ್ದರು. ರಾತ್ರಿ ಎರಡರ ಹೊತ್ತಿಗೆ ನಾಯಿ ಬೊಗಳೋಕೆ ಶುರು ಮಾಡಿತು. ಕಾಡುಹಂದಿಗೆ ಬೊಗಳೋ ರೀತಿ ಬೇರೆ, ಮನುಷ್ಯರಿಗೆ ಬೊಗಳೋ ರೀತಿ ಬೇರೆ. ಅದು ನನಗೆ ಗೊತ್ತಾಗಲಿಲ್ಲ, ಚಿಕ್ಕಪ್ಪನಿಗೆ ಗೊತ್ತಾಯಿತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ ಕೋವಿ ಮನೆಯಲ್ಲಿತ್ತು. ಅದನ್ನು ತಗೊಂಡು ಹೊರಗೆ ಬಂದರು. ಹಿಂದಿನಿಂದ ನಾನು, ಕೈಯಲ್ಲಿ ಟಾರ್ಚ್. ಶಾಸನ ಓದೋಕೆ ಅಂತ ಬೆಂಗಳೂರಲ್ಲಿ ಕೊಂಡಿದ್ದ ಟಾರ್ಚ್ ಅದು.

ಬೆಳಕು ಬಿಟ್ಟಾಗ ಇಬ್ಬರು ಕಂಡರು. ಒಬ್ಬನ ಹೆಗಲ ಮೇಲೆ ಮೂಟೆ, ಇನ್ನೊಬ್ಬನ ಒಂದು ಕೈಯಲ್ಲಿ ಮೂಟೆ, ಮತ್ತೊಂದರಲ್ಲಿ ಕತ್ತಿ. ಚಿಕ್ಕಪ್ಪ ಕೋವಿ ಎತ್ತಿದರು, ಆದರೆ ಗುಂಡು ಹಾರಿಸಲಿಲ್ಲ. ಅದರ ಬದಲು ಜೋರಾಗಿ ಒಂದು ಕೂ ಹಾಕಿದರು. ಆಚೆ ದಿಂಬದ ಮನೆಯಿಂದ ಇನ್ನೊಂದು ಕೂ ಬಂತು, ಕೆಳಗಿನ ಮನೆಯಿಂದ ಮತ್ತೊಂದು. ಕತ್ತಿ ಹಿಡಿದವನು ಮೂಟೆ ಬಿಸಾಕಿ ಓಡಿದ. ಹೆಗಲ ಮೇಲಿದ್ದವನು ಬಿಡಲಿಲ್ಲ, ಮೂಟೆ ಸಮೇತ ತೋಟಕ್ಕಿಳಿದ. ನಾನು ಅವನ ಹಿಂದೆ ಹೊರಟೆ. ಚಿಕ್ಕಪ್ಪ ರಟ್ಟೆ ಹಿಡಿದು ಎಳೆದರು.

"ಹೋಗ್ಲಿ ಬಿಡೋ ಮಾರಾಯ. ಒಂದು ಮೂಟೆ ಅಡಿಕೆಗೆ ಕಲ್ಲಾಗ್ತೀಯಾ?"

ಬೇರೆ ಯಾರಾದರೂ ಈ ಮಾತು ಕೇಳಿದ್ದರೆ ಏನು ಅರ್ಥ ಮಾಡ್ಕೋತಿದ್ದರೋ ಗೊತ್ತಿಲ್ಲ. ನಮ್ಮ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಮೇಲ್ಗಡೆ, ಕೆರೆ ಏರಿಯ ಪಕ್ಕ ಒಂದು ವೀರಗಲ್ಲಿದೆ. ಮನೆಯಲ್ಲಿ ಅದಕ್ಕೆ ಬೀರನ ಕಲ್ಲು ಅಂತಾರೆ. ಹಸು ಕರು ಹಾಕಿದರೆ ಚಿಕ್ಕಮ್ಮ ಇವತ್ತಿಗೂ ಒಂದು ಲೋಟ ಹಾಲು ತಗೊಂಡು ಹೋಗಿ ಅದರ ಬುಡಕ್ಕೆ ಎರೆದು ಬರುತ್ತಾರೆ. ಯಾಕೆ ಅಂತ ಕೇಳಿದರೆ "ಅತ್ತೆ ಮಾಡ್ತಿದ್ರು" ಅಂತಾರೆ.

ಮಾರನೇ ದಿನ ದೂರು ಕೊಟ್ಟು ಬಂದ ಮೇಲೆ ಆ ಕಲ್ಲಿನ ಮುಂದೆ ಹೋಗಿ ಕೂತೆ. ಚಿಕ್ಕಂದಿನಿಂದ ನೋಡಿದ ಕಲ್ಲು. ಶಾಸನದ ಹುಚ್ಚು ಹಿಡಿದ ಮೇಲೂ ಎಷ್ಟೋ ಸಲ ಫೋಟೋ ತೆಗೆದಿದ್ದೆ. ಆದರೆ ಅದು ಒಬ್ಬ ಮನುಷ್ಯ ಕಳ್ಳರ ಹಿಂದೆ ಓಡಿದ ಕಥೆ ಅನ್ನೋದು ಅವತ್ತೇ ಮೈಗೆ ತಾಗಿದ್ದು.

ಕಲ್ಲು ಮೂರು ಹಂತದ್ದು. ಮೇಲೆ ಲಿಂಗ, ಪಕ್ಕದಲ್ಲಿ ಪೂಜೆ ಮಾಡುವವನು, ನಂದಿ, ಅದರ ಮೇಲೆ ಸೂರ್ಯ ಚಂದ್ರ. ನಡುವೆ ವೀರನನ್ನು ಎರಡೂ ಕಡೆಯಿಂದ ಹಿಡಿದು ಕರೆದೊಯ್ಯುವ ಅಪ್ಸರೆಯರು. ಕೆಳಗೆ ಕಾಳಗ. ಬಿಲ್ಲು ಎಳೆದು ನಿಂತ ಒಬ್ಬ, ಎದುರಿಗೆ ಮೂವರು, ಅವರಲ್ಲಿ ಒಬ್ಬ ಬಿದ್ದಿದ್ದಾನೆ. ವೀರನ ಬೆನ್ನ ಹಿಂದೆ ಒಂದರ ಮೇಲೊಂದು ಎಂಬಂತೆ ನಾಲ್ಕು ದನ. ಕೊಂಬುಗಳು ಸವೆದಿವೆ, ಆದರೂ ದನ ಎನ್ನುವುದರಲ್ಲಿ ಅನುಮಾನವಿಲ್ಲ. ಹಂತಗಳ ನಡುವೆ ಶಾಸನ ಬರೆಯಲು ಬಿಡುವ ಪಟ್ಟಿಗಳಿವೆ. ಎರಡೂ ಖಾಲಿ. ಸವೆದು ಹೋದದ್ದಲ್ಲ, ಬರೆದೇ ಇಲ್ಲ. ಶೈಲಿ ನೋಡಿ 12-13ನೇ ಶತಮಾನ ಅಂತ ಅಂದಾಜು ಮಾಡಬಹುದು, ಅಷ್ಟೇ. ಹೆಸರಿಲ್ಲ, ತೇದಿಯಿಲ್ಲ.

ದನಗಳಿರುವ ವೀರಗಲ್ಲು ಎಂದರೆ ಬಹುತೇಕ ತುರುಗೋಳಿನ ಕಲ್ಲು. ತುರು ಅಂದರೆ ದನ, ಕೊಳ್ ಅಂದರೆ ವಶಮಾಡಿಕೊಳ್ಳುವುದು. ದನಗಳ ಹಿಂಡನ್ನು ಹೊಡೆದುಕೊಂಡು ಹೋಗುವುದೇ ತುರುಗೋಳ್. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೇ ಸಂಪುಟದಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳಿವೆ. ಹತ್ತನೆಯದರಲ್ಲಿ (1905) ಕೋಲಾರ ಜಿಲ್ಲೆಯವು. ಈ ಎರಡು ಸಂಪುಟ ಕೈಗೆತ್ತಿಕೊಂಡು ಸುಮ್ಮನೆ ಪುಟ ತಿರುವಿ ನೋಡಿ, ತುರುಗೋಳ್ ಪದೇ ಪದೇ ಎದುರಾಗುತ್ತದೆ. ಕೋಲಾರದ ಕಡೆ ಗಂಗ, ನೊಳಂಬ, ಬಾಣ, ವೈದುಂಬರ ಗಡಿಗಳು ಒಂದಕ್ಕೊಂದು ಉಜ್ಜಿಕೊಂಡಿದ್ದವು. ನಮ್ಮ ಮಲೆನಾಡಿನ ಅಂಚಿನಲ್ಲಿ ಕಾಡು, ಮೇವು, ಚಿಕ್ಕ ಚಿಕ್ಕ ನಾಡುಗಳು. ಎರಡೂ ಕಡೆ ದನ ಅಂದರೆ ಬ್ಯಾಂಕು. ಭೂಮಿಯನ್ನು ಹೊತ್ತುಕೊಂಡು ಹೋಗೋಕೆ ಆಗಲ್ಲ, ಧಾನ್ಯ ಭಾರ. ದನ ಮಾತ್ರ ತನ್ನ ಕಾಲಲ್ಲಿ ತಾನೇ ನಡೆದು ಕಳ್ಳನ ಊರು ಸೇರುತ್ತದೆ.

ಅಕ್ಷರವಿರುವ ಕಲ್ಲುಗಳು ನಮ್ಮ ಬೀರನ ಕಲ್ಲಿನ ಖಾಲಿ ಪಟ್ಟಿಯಲ್ಲಿ ಏನಿರಬಹುದಿತ್ತು ಎಂಬುದನ್ನು ಹೇಳುತ್ತವೆ. ರಾಜನ ಹೆಸರು, ಶಕವರ್ಷ, ತಿಥಿವಾರ. ಆಮೇಲೆ ಇಂಥವರು ಇಂಥ ಊರಿನ ತುರುವಂ ಕೊಂಡು ಪೋಗೆ, ಇಂಥವನ ಮಗ ಇಂಥವನು ತಳ್ತಿಱಿದು, ತುರುವಂ ಮಗುೞ್ಚಿ, ಸುರಲೋಕಪ್ರಾಪ್ತನಾದಂ. ಇದಿಷ್ಟೇ. ನೂರಾರು ಕಲ್ಲಲ್ಲಿ ಇದೇ ಅಚ್ಚು. ತಳ್ತಿಱಿ ಅಂದರೆ ಮೈಗೆ ಮೈ ತಾಗುವಷ್ಟು ಹತ್ತಿರ ನುಗ್ಗಿ ಇರಿಯುವುದು. ಮಗುೞ್ಚು ಅಂದರೆ ತಿರುಗಿಸು, ಹಿಂದಕ್ಕೆ ತರು.

ಈ ಮಗುೞ್ಚು ಎಂಬ ಕ್ರಿಯಾಪದದ ಮೇಲೆ ಸ್ವಲ್ಪ ನಿಲ್ಲಬೇಕು. ಕಳ್ಳ ಕೊಟ್ಟಿಗೆಗೆ ನುಗ್ಗಿದಾಗ ಬಾಗಿಲಲ್ಲಿ ತಡೆದ ಅಂತ ಈ ಶಾಸನಗಳು ಹೇಳುವುದಿಲ್ಲ. ದನ ಆಗಲೇ ಹೋಗಿದೆ. ಸುದ್ದಿ ಊರಿಗೆ ಬಂದಿದೆ. ಒಬ್ಬ ಆಯುಧ ತಗೊಂಡು ಹಿಂದೆ ಹೋಗಿದ್ದಾನೆ, ಹಿಡಿದಿದ್ದಾನೆ, ದನದ ಮುಖ ಊರ ಕಡೆ ತಿರುಗಿಸಿದ್ದಾನೆ, ಆಮೇಲೆ ಸತ್ತಿದ್ದಾನೆ. ಇಡೀ ಕಥೆ ನಡೆಯುವುದು ಕಳ್ಳ ಓಡಿದ ನಂತರ.

ಸುದ್ದಿ ಬರುವುದಕ್ಕೂ ಶಾಸನದಲ್ಲಿ ಒಂದು ಪದವಿದೆ, ಪುಯ್ಯಲ್. ಅಪಾಯ ಬಂದಾಗ ಎಬ್ಬಿಸುವ ಕೂಗು. ಹೆಂಗಸರ ಮೇಲೆ ಕೈ ಮಾಡಿದಾಗಿನದು ಪೆಣ್ಬುಯ್ಯಲ್. ಪಕಾರ ಹಕಾರವಾಗಿ ಇದೇ ಹುಯ್ಯಲು, ಹುಯಿಲು. ಪತ್ರಿಕೆಗಳಲ್ಲಿ ಈಗಲೂ ಹುಯಿಲೆಬ್ಬಿಸಿದರು ಅಂತ ಬರೆಯುತ್ತಾರೆ. ಚಿಕ್ಕಪ್ಪ ಹಾಕಿದ ಕೂ ಕೂಡ ಪುಯ್ಯಲೇ. ನಾನು ಅದನ್ನು ನಿಘಂಟಿನಲ್ಲಿ ಓದಿದ್ದೆ, ಅವರು ಉಪಯೋಗಿಸಿದರು.

ಈಗ ಒಂದು ಪಕ್ಕದ ದಾರಿ ಹಿಡಿಯುತ್ತೇನೆ, ಕೋವಿಯ ವಿಷಯಕ್ಕೆ. ಅವತ್ತು ಚಿಕ್ಕಪ್ಪ ಗುಂಡು ಹೊಡೆದಿದ್ದರೆ ಏನಾಗುತ್ತಿತ್ತು? ವಾಪಸ್ ಬೆಂಗಳೂರಿಗೆ ಬಂದ ಮೇಲೆ ಕಾನೂನು ಓದಿದೆ. ನಾನು ವಕೀಲ ಅಲ್ಲ, ಆದರೆ ಕಾನೂನೂ ಒಂಥರಾ ಶಾಸನವೇ, ಒಂದೊಂದು ಪದಕ್ಕೂ ತೂಕ. 1860ರ ದಂಡ ಸಂಹಿತೆಯ 96ರಿಂದ 106ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತಿದ್ದವು. 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 34ರಿಂದ 44. ದೇಹದ ಜೊತೆಗೆ ಆಸ್ತಿಯನ್ನೂ ಕಾಪಾಡಿಕೊಳ್ಳುವ ಹಕ್ಕಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಆಸ್ತಿಗಾಗಿ ಜೀವ ತೆಗೆಯುವವರೆಗೆ ಹೋಗಬಹುದಾದ ಸಂದರ್ಭಗಳನ್ನು 41ನೇ ಕಲಮು ಎಣಿಸಿ ಹೇಳುತ್ತದೆ: ಸುಲಿಗೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮನೆ ಮುರಿದು ನುಗ್ಗುವುದು, ಮನೆಗೆ ಬೆಂಕಿ ಇಡುವಂಥದ್ದು, ಮತ್ತೆ ಪ್ರಾಣ ಹೋಗುತ್ತದೆ ಅಥವಾ ತೀವ್ರ ಗಾಯವಾಗುತ್ತದೆ ಎಂಬ ನ್ಯಾಯವಾದ ಭಯ ಹುಟ್ಟಿಸುವ ಕಳ್ಳತನ. ಬರೀ ಕಳ್ಳತನಕ್ಕೆ ಅಷ್ಟು ಹಕ್ಕಿಲ್ಲ. ಕತ್ತಿ ಹಿಡಿದು ಎದುರು ನಿಂತವನ ಲೆಕ್ಕ ಬೇರೆ, ಮೂಟೆ ಹೊತ್ತು ಬೆನ್ನು ತೋರಿಸಿ ಓಡುವವನ ಲೆಕ್ಕ ಬೇರೆ. ನಮ್ಮ ತೋಟದಲ್ಲಿ ಇಬ್ಬರೂ ಹತ್ತು ಅಡಿ ಅಂತರದಲ್ಲಿದ್ದರು, ಟಾರ್ಚಿನ ಒಂದೇ ಬೆಳಕಿನ ವೃತ್ತದಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು 43ನೇ ಕಲಮು. ಕಳ್ಳತನದ ವಿರುದ್ಧ ಆಸ್ತಿ ರಕ್ಷಣೆಯ ಹಕ್ಕು ಎಲ್ಲಿಯವರೆಗೆ? ಕಳ್ಳ ಮಾಲಿನ ಸಮೇತ ಪಾರಾಗುವವರೆಗೆ, ಇಲ್ಲವೇ ಅಧಿಕಾರಿಗಳ ನೆರವು ಸಿಗುವವರೆಗೆ, ಇಲ್ಲವೇ ಮಾಲು ವಾಪಸ್ ಸಿಗುವವರೆಗೆ. ಅಂದರೆ ಕಳ್ಳ ಕೈತಪ್ಪಿ ಹೋದ ಮೇಲೆ ಈ ಹಕ್ಕು ಮುಗಿಯಿತು, ಮುಂದಿನದು ಸರ್ಕಾರದ ಕೆಲಸ. ತುರುಗೋಳಿನ ವೀರನ ಕೆಲಸ ಶುರುವಾಗುವುದೇ ಅಲ್ಲಿಂದ. ಅವನು ಎಬ್ಬಿಸಬಹುದಾದ ಸರ್ಕಾರ ಅಂದರೆ ಊರೇ. ಊರ ಗಾವುಂಡ, ಅವನ ಮಕ್ಕಳು, ಅವನ ಆಳುಗಳು. ಅದಕ್ಕೇ ಕಲ್ಲುಗಳಲ್ಲಿ ಇವರ ಹೆಸರೇ ಹೆಚ್ಚು.

ಆಯುಧ ಮನೆಯಲ್ಲಿರುವುದು ಸಹಜ ಎಂಬ ಕಾಲದಿಂದ ಲೈಸೆನ್ಸ್ ಕಾಲಕ್ಕೆ ಬಂದ ದಾರಿಯಲ್ಲೂ ಒಂದು ಊರಿದೆ, ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ತಿರುಗಿಬಿದ್ದು ಸತ್ತರು, ಲಾವಣಿಯಾದರು. ಇನ್ನೊಂದು ತುದಿಯಲ್ಲಿ ಕೊಡಗಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ವರೆಗೆ ಮುಂದುವರಿದಿದೆ. ನಮ್ಮ ಚಿಕ್ಕಪ್ಪ ಮಾತ್ರ ಚುನಾವಣೆ ಬಂದಾಗಲೆಲ್ಲ ಕೋವಿ ಹೊತ್ತುಕೊಂಡು ಹೋಗಿ ಠಾಣೆಯಲ್ಲಿಟ್ಟು ಬರುತ್ತಾರೆ.

ಬೇಡರು ಅಂದಾಗ ಒಂದು ಮಾತು ಹೇಳಲೇಬೇಕು. ದನ ಕದ್ದವರು ಯಾರು ಅಂತ ಶಾಸನಗಳು ಹೇಳುವಾಗ ಕೆಲವು ಕಡೆ ಕಳ್ಳರು, ಕೆಲವು ಕಡೆ ಬೇಡರು, ಕೆಲವು ಕಡೆ ಇಂಥ ಸಾಮಂತ ಅಥವಾ ಪಕ್ಕದ ಊರವರು. ನಾವು ಓದುವಾಗ ಎಲ್ಲರನ್ನೂ ಕಳ್ಳರು ಅಂತ ಒಂದೇ ಚೀಲಕ್ಕೆ ತುಂಬುತ್ತೇವೆ. ಕಲ್ಲು ನೆಟ್ಟಿದ್ದು ಊರು, ಬರೆಸಿದ್ದು ಊರು. ಕಾಡಿನವರು ತಮ್ಮ ಪಾಲಿನ ಕಥೆ ಬರೆಸಲಿಲ್ಲ. ಅವರ ಮೇವಿನ ಜಾಗವನ್ನು ಊರು ಉತ್ತಿತ್ತೋ, ಅವರ ಬೇಟೆಯ ಕಾಡನ್ನು ಕಡಿದಿತ್ತೋ, ಆ ಕಲ್ಲು ಇಲ್ಲ. ಒಬ್ಬೊಬ್ಬ ಕಳ್ಳನಿಂದ ಶುರುವಾಗಿ ಇಡೀ ಜಾತಿಯೇ ಕಳ್ಳರದು ಅನ್ನುವವರೆಗೆ ಹೋದ 1871ರ ಅಪರಾಧಿ ಬುಡಕಟ್ಟು ಕಾಯ್ದೆಯನ್ನು ನೆನೆಸಿಕೊಂಡರೆ, ಶಾಸನದ ಒಂದು ಪದವನ್ನು ಅನುವಾದಿಸುವಾಗಲೂ ಕೈ ನಡುಗಬೇಕು ಅನಿಸುತ್ತದೆ.

ಹಾಗೆ ನೋಡಿದರೆ ದನ ಹೊಡೆದುಕೊಂಡು ಹೋಗುವುದು ಎಲ್ಲ ಕಾಲದಲ್ಲೂ ಕಳ್ಳತನ ಅನ್ನಿಸಿಕೊಂಡಿಲ್ಲ. ಯುದ್ಧ ಶುರು ಮಾಡುವ ವಿಧಾನವೇ ಅದು. ವಿರಾಟನ ಗೋವುಗಳನ್ನು ಹಿಡಿದವರಲ್ಲಿ ಭೀಷ್ಮ ದ್ರೋಣರೂ ಇದ್ದರು, ಅವರನ್ನು ಯಾರೂ ದನಗಳ್ಳರು ಅನ್ನಲ್ಲ. ಹಾನಗಲ್ಲನ್ನು ಶಾಸನಗಳೇ ವಿರಾಟನಗರಿ ಅಂತ ಕರೆದಿರುವುದರಿಂದ ನಮ್ಮ ಕಡೆಯವರಿಗೆ ಗೋಗ್ರಹಣ ಪಕ್ಕದ ತಾಲ್ಲೂಕಿನ ಸುದ್ದಿಯಿದ್ದ ಹಾಗೆ. ತಮಿಳಿನ ಪುರಾತನ ತೊಲ್ಕಾಪ್ಪಿಯಂ ಈ ಯುದ್ಧಕ್ಕೆ ಹೂವಿನ ಹೆಸರಿಟ್ಟಿದೆ, ದನ ಹಿಡಿಯಹೋಗುವುದು ವೆಟ್ಚಿ, ಬಿಡಿಸಿ ತರುವುದು ಕರಂದೈ. ಚೆಂಗಂ ಸೀಮೆಯ ನಡುಕಲ್ಲುಗಳಲ್ಲಿ ದನ ಬಿಡಿಸಲು ಹೋಗಿ ಸತ್ತವರಿಗೂ ಕಲ್ಲಿದೆ, ಹಿಡಿಯಲು ಹೋಗಿ ಸತ್ತವರಿಗೂ ಕಲ್ಲಿದೆ. ಎರಡೂ ಕಡೆಯವರಿಗೆ ಅದೇ ಸ್ವರ್ಗ.

ಆ ಚೆಂಗಂ ಕಲ್ಲುಗಳಲ್ಲಿ ನನಗೆ ಅತಿ ಪ್ರೀತಿಯದು ಎಡುತ್ತನೂರಿನದು. ತಿರುವಣ್ಣಾಮಲೈ ಜಿಲ್ಲೆ, ಪಲ್ಲವ ಮಹೇಂದ್ರವರ್ಮನ 34ನೇ ಆಳ್ವಿಕೆಯ ವರ್ಷ, ಅಂದರೆ 7ನೇ ಶತಮಾನದ ಆರಂಭ. ಕರುಂದೇವಕತ್ತಿ ಎಂಬವನು ಎಮ್ಮೆಗಳ ವಿಷಯದಲ್ಲಿ ಸತ್ತ. ಅವನ ಪಕ್ಕದಲ್ಲೇ ಒಂದು ನಾಯಿಯನ್ನು ಕಡೆದಿದ್ದಾರೆ, ಅದಕ್ಕೆ ಬೇರೆಯೇ ಸಾಲು ಬರೆದಿದ್ದಾರೆ. ನಾಯಿಯ ಹೆಸರು ಕೋವಿವನ್. ಇಬ್ಬರು ಕಳ್ಳರನ್ನು ಕಚ್ಚಿ ಕಾಯುತ್ತಾ ನಿಂತಿತ್ತು ಅಂತ. ಎಷ್ಟು ಕಳ್ಳರು ಅನ್ನುವ ಲೆಕ್ಕ ಸಮೇತ! ನಮ್ಮಲ್ಲಿ ಆತಕೂರಿನ ಕಾಳಿ ಪ್ರಸಿದ್ಧ. ಮದ್ದೂರು ತಾಲ್ಲೂಕಿನ ಆ ಕಲ್ಲು (ಶಕ 872, ಕ್ರಿ.ಶ. 949-50) ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಾಳಿ ಕಾದಾಡಿದ್ದು ಹಂದಿಯ ಜೊತೆ. ಕಳ್ಳರನ್ನು ಕಚ್ಚಿದ ಕೀರ್ತಿ ಕೋವಿವನ್‌ಗೇ ಸೇರಬೇಕು.

ಆತಕೂರಿನ ಕಲ್ಲಿನಲ್ಲಿ ನಾಯಿಗಿಂತ ನನಗೆ ಮುಖ್ಯವಾದ ಪದ ಒಂದಿದೆ, ಬಾಳ್ಗಚ್ಚು. ತಕ್ಕೋಲದ ಯುದ್ಧದ ನಂತರ ಬೂತುಗ ತನ್ನ ಆಳು ಮಣಲೇರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಎಂದರೆ ಖಡ್ಗ, ಕೞ್ಚು ಎಂದರೆ ತೊಳೆ. ಕಾಲು ಕರ್ಚು ಅಂತ ಹಳೆ ಕಾವ್ಯದಲ್ಲಿ ಬರುವುದು ಇದೇ ಕ್ರಿಯಾಪದ. ಹೋರಾಡಿದವನ ಖಡ್ಗ ತೊಳೆದು ಕೊಡುವ ಭೂಮಿ ಬಾಳ್ಗಚ್ಚು. ಸತ್ತವನ ಮನೆಯವರಿಗೆ ಕೊಡುವುದು ನೆತ್ತರುಗೊಡಗೆ, ರಕ್ತದ ಲೆಕ್ಕದಲ್ಲಿ ಕೊಟ್ಟ ಕೊಡುಗೆ. ಗಂಗರ ಕಾಲದ ಕಲ್ಲುಗಳಲ್ಲಿ ಕಲ್ನಾಡು. ಬೇಗೂರಿನ ದೊಡ್ಡ ಕಲ್ಲು ನೋಡಿ, ಅದು ತುರುಗೋಳಿನದಲ್ಲ, ಯುದ್ಧದ್ದು. ವೀರಮಹೇಂದ್ರನ ಎದುರು ಕಾದಿ ನಾಗತ್ತರ ಸತ್ತ ಸುದ್ದಿ ಕೇಳಿ, ಎರೆಯಪ್ಪ ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಇವತ್ತಿನ ಸರ್ಕಾರಿ ಭಾಷೆಯಲ್ಲಿ ಅನುಕಂಪದ ಆಧಾರದ ನೇಮಕಾತಿ ಅನ್ನಬಹುದೇನೋ.

ದೊಡ್ಡವರಿಗೆ ಹನ್ನೆರಡು ಹಳ್ಳಿ. ನಾಲ್ಕು ದನದ ಹಿಂದೆ ಹೋದ ನಮ್ಮ ಬೀರನಂಥವರಿಗೆ ಕೊಡುಗೆ ಅಂದರೆ ಇಷ್ಟು ಖಂಡುಗ ಅಥವಾ ಕೊಳಗ ಬೀಜ ಬಿತ್ತುವ ಗದ್ದೆ. ಚಿಕ್ಕದು, ಆದರೆ ಅಳತೆ ಹಾಕಿ ಕೊಟ್ಟದ್ದು. ಅದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಅಂತ ಶಾಪ. ಶಿಲ್ಪ ನೋಡುವ ಭರದಲ್ಲಿ ನಾವು ಈ ಕೊನೆಯ ಸಾಲುಗಳನ್ನು ಓದದೆ ಬಿಡುತ್ತೇವೆ. ನನ್ನ ಮಟ್ಟಿಗೆ ಇಡೀ ಕಲ್ಲಿನ ಜೀವಾಳ ಅದೇ. ಅಪ್ಸರೆಯರು ಅಲಂಕಾರ, ಗದ್ದೆ ಒಪ್ಪಂದ. ನೀನು ನಮ್ಮ ದನದ ಹಿಂದೆ ಹೋಗಿ ಸತ್ತೆ, ನಿನ್ನ ಹೆಂಡತಿ ಮಕ್ಕಳ ಊಟ ನಮ್ಮ ಲೆಕ್ಕ ಅಂತ ಊರು ಬರೆದುಕೊಟ್ಟ ಸಾಲಪತ್ರ ಅದು. ಕಾಗದವಾದರೆ ಕಳೆದುಹೋಗುತ್ತೆ ಅಂತ ಕಲ್ಲಲ್ಲಿ.

ಕೆಲವು ವೀರಗಲ್ಲುಗಳ ಕೊನೆಯಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಯಾಕೆ ಅನ್ನುವ ಅರ್ಥದ್ದು. ಮೊದಮೊದಲು ಅದನ್ನು ಓದಿದಾಗ ರೋಮಾಂಚನ ಆಗುತ್ತಿತ್ತು, ವಾಟ್ಸಾಪಿನಲ್ಲಿ ಎಷ್ಟೋ ಗುಂಪುಗಳಿಗೆ ಕಳಿಸಿದ್ದೇನೆ. ತೋಟದಲ್ಲಿ ಕತ್ತಿ ಹಿಡಿದವನನ್ನು ನೋಡಿದ ಮೇಲೆ ಆ ಶ್ಲೋಕವನ್ನು ಮೊದಲಿನ ಹಾಗೆ ಓದೋಕೆ ಆಗ್ತಿಲ್ಲ. ಅದನ್ನು ಬರೆದ ಪಂಡಿತ ಅವತ್ತು ರಾತ್ರಿ ಮನೆಯಲ್ಲಿ ಮಲಗಿದ್ದ ಅನ್ನೋದು ನೆನಪಾಗುತ್ತೆ. ಉತ್ತರನ ಪೌರುಷ ಒಲೆ ಮುಂದೆ ಅಂತ ಗಾದೆ. ನನ್ನ ಪೌರುಷ ಕಂಪ್ಯೂಟರ್ ಮುಂದೆ.

ಇನ್ನೊಂದು ವಿಷಯ ಎಂಜಿನಿಯರ್ ಬುದ್ಧಿಗೆ ಹೊಳೆದದ್ದು. ವೀರಗಲ್ಲುಗಳಿಂದ ನಾವು ಆ ಕಾಲದ ಹಳ್ಳಿಗಳನ್ನು ಊಹಿಸುತ್ತೇವೆ. ಎಲ್ಲರೂ ಖಡ್ಗ ಹಿಡಿದು ನುಗ್ಗುತ್ತಿದ್ದ ಕಾಲ, ಸಾವಿಗೆ ಅಂಜದ ಜನ ಅಂತ. ಆದರೆ ನಮ್ಮ ಕೈಗೆ ಸಿಕ್ಕಿರುವ ದಾಖಲೆ ಹೆಚ್ಚಾಗಿ ಸತ್ತವರದ್ದು. ಕೂಗು ಹಾಕಿ ಊರೆಬ್ಬಿಸಿ ಕಳ್ಳರನ್ನು ಓಡಿಸಿದವನಿಗೆ ಕಲ್ಲಿಲ್ಲ. ಎರಡು ದನ ಹೋದರೆ ಹೋಯಿತು ಅಂತ ತಮ್ಮನ ರಟ್ಟೆ ಹಿಡಿದು ನಿಲ್ಲಿಸಿದ ಅಣ್ಣನಿಗೆ ಕಲ್ಲಿಲ್ಲ. ಅಂಥವರೇ ಹೆಚ್ಚಿದ್ದಿರಬೇಕು, ಇಲ್ಲದಿದ್ದರೆ ಊರುಗಳು ಉಳಿಯುತ್ತಿರಲಿಲ್ಲ. ಹಾಗಂತ ಬೀರ ದಡ್ಡ ಅಂತಲೂ ಹೇಳಲಾರೆ. ನಾಲ್ಕು ದನ ಅಂದರೆ ಉಳುಮೆ, ಗೊಬ್ಬರ, ಮಕ್ಕಳ ಹಾಲು. ಎಲ್ಲ ಒಂದೇ ರಾತ್ರಿಯಲ್ಲಿ ಹೋದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಬೀಳು. ನಮಗೆ ಹೋದದ್ದು ಒಂದು ಮೂಟೆ. ಆ ವರ್ಷ ಅಡಿಕೆಗೆ ಒಳ್ಳೆ ರೇಟಿತ್ತು, ಬೇಜಾರಾಯಿತು, ಆದರೆ ಊಟ ನಿಲ್ಲಲಿಲ್ಲ. ಬೀರನ ಜಾಗದಲ್ಲಿ ಚಿಕ್ಕಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು ಅಂತ ಒಂದು ಸಲ ಕೇಳಿದೆ. ತುಂಬ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. "ನಾಲ್ಕೂ ಹೋಗಿದ್ರೆ ನಾನೂ ಹೋಗ್ತಿದ್ನೇನೋ" ಅಂದರು. ಅಡುಗೆ ಮನೆಯಿಂದ ಚಿಕ್ಕಮ್ಮ "ಹೋಗ್ತಿದ್ರು, ಹೋಗ್ತಿದ್ರು" ಅಂದರು.

ಹೋದ ದೀಪಾವಳಿಗೆ ಊರಿಗೆ ಹೋದಾಗ ರಾತ್ರಿ ಕಲ್ಲಿನ ಹತ್ತಿರ ಹೋದೆವು. ಹಗಲಿನ ನೇರ ಬಿಸಿಲಲ್ಲಿ ಕಾಣದ ಗೀರುಗಳು ಕತ್ತಲಲ್ಲಿ ಓರೆಯಾಗಿ ಟಾರ್ಚ್ ಹಿಡಿದರೆ ಎದ್ದು ಕಾಣುತ್ತವೆ, ಇದನ್ನು ಓದುಗರಲ್ಲಿ ಅನೇಕರು ಮಾಡಿ ನೋಡಿರುತ್ತೀರಿ. (ದಯವಿಟ್ಟು ಸುಣ್ಣ, ಹಿಟ್ಟು, ಚಾಕ್‌ಪೀಸು ಬಳಿಯಬೇಡಿ, ಕಲ್ಲು ಹಾಳಾಗುತ್ತದೆ.) ಪಟ್ಟಿಗಳ ಮೇಲೆ ಅಕ್ಷರ ಸಿಗುತ್ತೇನೋ ಅಂತ ಇನ್ನೊಮ್ಮೆ ಆಸೆ. ಸಿಗಲಿಲ್ಲ. ಚಿಕ್ಕಪ್ಪ ಟಾರ್ಚ್ ಹಿಡಿದಿದ್ದರು, ನಾನು ಕ್ಯಾಮೆರಾ. ಬೆಳಕನ್ನು ಕೆಳಗಿನ ಹಂತದ ಎಡತುದಿಗೆ ತಂದಾಗ ವೀರನ ಕಾಲಿನ ಹಿಂದೆ, ದನಗಳಿಗಿಂತ ಚಿಕ್ಕದಾಗಿ, ಇನ್ನೊಂದು ಪ್ರಾಣಿ ಕಂಡಿತು. ಇಷ್ಟು ವರ್ಷ ಪಾಚಿ ಅಂದುಕೊಂಡಿದ್ದೆ. ನಾನು ಕರು ಅಂದೆ. ಚಿಕ್ಕಪ್ಪ ಬಗ್ಗಿ ನೋಡಿ ನಾಯಿ ಅಂದರು, ಬಾಲ ಮೇಲಕ್ಕೆ ಸುತ್ತಿದೆ ನೋಡು ಅಂತ. ಮೂವತ್ತೆರಡು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿದ್ದೇನೆ. ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಬಾಲ ಸುತ್ತಿರುವುದು ನಿಜ. ಆದರೆ ಕಿವಿ ಕರುವಿನದೇ.